ಗಾಯರಾಣ ಬಂಜರಲ್ಲ: ಧಾರವಾಡ, ಗದಗ, ಹಾವೇರಿ ಸೀಮೆಯ ಹುಲ್ಲುಗಾವಲು ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮಸಭೆಯಲ್ಲಿ, ಶಾಲೆಯಲ್ಲಿ, ಕುರಿ ಸಂತೆಯಲ್ಲಿ ಹುಲ್ಲುಗಾವಲಿನ ಮಾತು ತೆಗೆದಾಗಲೆಲ್ಲ ಜನ ನಮ್ಮನ್ನು ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಅವರಲ್ಲಿ ಕುರಿಗಾಹಿಗಳಿದ್ದಾರೆ, ಪಂಚಾಯ್ತಿ ಸದಸ್ಯರಿದ್ದಾರೆ, ಪರಿಸರ ದಿನದಂದು ಮಕ್ಕಳ ಕೈಗೆ ಸಸಿ ಕೊಟ್ಟು ಗುಡ್ಡ ಹತ್ತಿಸುವ ಮಾಸ್ತರರೂ ಇದ್ದಾರೆ. ಎಲ್ಲರಿಗೂ ನಾವು ಹೇಳುವುದು ಮುಖ್ಯವಾಗಿ ಒಂದೇ: ಬಯಲನ್ನು ಬಯಲಾಗಿಯೇ ಉಳಿಸಿ, ಅದನ್ನು ಅಡವಿ ಮಾಡಲು ಹೋಗಬೇಡಿ. ಯಾಕೆ, ಹೇಗೆ ಎಂಬುದು ಮುಂದಿದೆ.

ನಮ್ಮ ಕಡೆ ಹುಲ್ಲುಗಾವಲು ಎಲ್ಲೈತ್ರಿ? ಬರೇ ಹೊಲಾನ ಕಾಣತಾವಲ್ಲ.

ಹೊಲಗಳ ನಡುವೆ, ಅಂಚಿನಲ್ಲಿ, ಗುಡ್ಡದ ಮೇಲೆ ಇದೆ. ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ತನಕ ಹಬ್ಬಿರುವ ಕಪ್ಪತಗುಡ್ಡದಲ್ಲಿ ಹುಲ್ಲು ಮತ್ತು ಕುರುಚಲೇ ಹೆಚ್ಚು. ಗಜೇಂದ್ರಗಡದ ಬೆಟ್ಟಸಾಲು, ನರಗುಂದ ಮತ್ತು ನವಲಗುಂದದ ಗುಡ್ಡಗಳು, ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲಿ ಉಳಿದಿರುವ ಬಯಲು, ಇವು ಹೆಸರಿರುವ ಜಾಗಗಳು. ಹೆಸರಿಲ್ಲದವೇ ಹೆಚ್ಚು: ಊರೂರ ಗಾಯರಾಣ (ಊರ ದನ-ಕುರಿ ಮೇಯಲು ಬಿಟ್ಟ ಗೋಮಾಳ), ಕಲ್ಲುಮಡ್ಡಿ, ಕೆರೆಯಂಗಳ, ಹಳ್ಳದ ದಂಡೆ.

ಎರಿ (ಕಪ್ಪು ಮಣ್ಣಿನ) ಭೂಮಿಯ ಹುಲ್ಲುಗಾವಲು ಬಹುಪಾಲು ಹೋಗಿಯೇಬಿಟ್ಟಿದೆ. ನೀರು ಹಿಡಿಯುವ ಆ ಮಣ್ಣು ಹಿಂಗಾರಿ ಜೋಳಕ್ಕೆ, ಹತ್ತಿಗೆ, ಕಡಲೆಗೆ ಒದಗಿತು, ನೇಗಿಲು ಬಂತು. ಈಗ ಉಳಿದಿರುವುದು ನೇಗಿಲಿಗೆ ಬಗ್ಗದ ಮಸಾರಿ (ಕೆಂಪು ಮಣ್ಣಿನ) ದಿಬ್ಬ ಮತ್ತು ಕಲ್ಲುನೆಲ. ಆದ್ದರಿಂದ ಹತ್ತು ಎಕರೆಯ ಮಡ್ಡಿಯೂ ಲೆಕ್ಕಕ್ಕೆ ಬರುತ್ತದೆ.

ಮೊದಲ ಇಲ್ಲೆಲ್ಲಾ ದಟ್ಟ ಅಡವಿ ಇತ್ತು, ಕಡದ ಹಾಕಿದ ಮ್ಯಾಲ ಬಯಲಾತು ಅಂತಾರ. ಖರೇನ ಏನ್ರಿ?

ಕಲಘಟಗಿ, ಹಾನಗಲ್ಲಿನ ಪಶ್ಚಿಮ ಅಂಚಿನಲ್ಲಿ ಕೆಲವು ಕಡೆ ಖರೆ. ಅಲ್ಲಿ ಮಲೆನಾಡಿನ ಮಳೆ ಬೀಳುತ್ತದೆ, ಕಡಿದ ಕಾಡು ಮತ್ತೆ ಕಾಡೇ ಆಗಲು ಹಾತೊರೆಯುತ್ತದೆ. ಪೂರ್ವಕ್ಕೆ ಬಂದಂತೆ ಕಥೆ ಬೇರೆ. ಗದಗಿನ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ಬಿಟ್ಟು ಬಿಟ್ಟು. ಇಲ್ಲಿಯ ಬಯಲು ಮನುಷ್ಯ ಕೊಡಲಿ ಹಿಡಿಯುವುದಕ್ಕೂ ಬಹಳ ಹಿಂದಿನದು. ಬಿಸಿಲಿಗೆ ಒಗ್ಗಿದ ಹುಲ್ಲುಗಳು ಈ ಉಪಖಂಡದಲ್ಲಿ ಹಬ್ಬಿದ್ದು ಲಕ್ಷಾಂತರ ವರ್ಷಗಳ ಹಿಂದೆ.

ಸಾಕ್ಷಿ ಬೇಕಿದ್ದರೆ ಚಿಗರಿಯನ್ನೇ, ಅಂದರೆ ಕೃಷ್ಣಮೃಗವನ್ನೇ ನೋಡಿ. ದೂರದ ವೈರಿಯನ್ನು ಕಣ್ಣಿನಿಂದಲೇ ಗುರುತಿಸಿ, ತಾಸಿಗೆ 80 ಕಿಲೋಮೀಟರ್ ವೇಗದಲ್ಲಿ ಓಡಿ ಪಾರಾಗುವ ಪ್ರಾಣಿ ಅದು. ಅಂಥ ಕಣ್ಣು, ಅಂಥ ಕಾಲು ಮರಗಳ ಮಧ್ಯೆ ಹುಟ್ಟುವುದಿಲ್ಲ. ಅದಕ್ಕೆ ಬೇಕಾದ ಬಯಲು ನಿನ್ನೆ ಮೊನ್ನೆ ಆಗಿದ್ದರೆ ಚಿಗರಿಯೇ ಇರುತ್ತಿರಲಿಲ್ಲ.

ನಮ್ಮ ಊರ ಜಾಗಾ ಹಳೇ ಹುಲ್ಲುಗಾವಲೋ, ಕೆಟ್ಟ ಜಾಗಾನೋ ಹೆಂಗ ಗೊತ್ತಾಗಬೇಕು?

ಶ್ರಾವಣ ಕಳೆದ ಮೇಲೆ ಹೋಗಿ ನೆಲಕ್ಕೆ ಕೂತು ನೋಡಿ. ಬುಡದಿಂದ ಹಿಡಿಹಿಡಿಯಾಗಿ ಎದ್ದ, ವರ್ಷ ವರ್ಷವೂ ಅದೇ ಬುಡದಿಂದ ಚಿಗುರುವ ಹುಲ್ಲಿನ ಗುಂಪುಗಳು ಇವೆಯೇ? ಅವುಗಳ ಸಂದಿಯಲ್ಲಿ ಸಣ್ಣ ಹೂಗಿಡ, ಗಡ್ಡೆ ಬಿಡುವ ಸಸ್ಯ, ನೆಲಕ್ಕಂಟಿದ ಬಳ್ಳಿ ಇವೆಯೇ? ಒಂದೊಂದು ಬಿಳಿಜಾಲಿ, ಬಾರಿ, ಕಾರಿ, ಮುತ್ತುಗ ದೂರ ದೂರ ನಿಂತಿವೆಯೇ? ಹಾಗಿದ್ದರೆ ಆ ಜಾಗ ಹಳೆಯದು, ಕೈ ಹಚ್ಚಬೇಡಿ. ಬರೀ ಕಾಂಗ್ರೆಸ್ ಕಸ, ಬಳ್ಳಾರಿ ಜಾಲಿ, ಕರಕಿ ಇದ್ದರೆ ಎಂದೋ ಒಮ್ಮೆ ನೇಗಿಲೋ ಜೆಸಿಬಿಯೋ ಓಡಾಡಿದ ಗುರುತು.

ಸರಕಾರಿ ಕಾಗದದಾಗ ಪಾಳು, ಖರಾಬು ಅಂತ ಯಾಕ ಬರದಾರ?

ಬ್ರಿಟಿಷರ ಕಂದಾಯ ಲೆಕ್ಕದಲ್ಲಿ ಬೆಳೆ ಬೆಳೆದು ತೀರುವೆ ಕೊಡುವ ಭೂಮಿಗೆ ಒಂದು ಹೆಸರು, ಕೊಡದ್ದಕ್ಕೆ ಇನ್ನೊಂದು. ಆ ಲೆಕ್ಕವೇ ಇಂದಿಗೂ ನಡೆದುಕೊಂಡು ಬಂದಿದೆ. ‘ಪಾಳು’ ಎಂದು ಒಮ್ಮೆ ನಮೂದಾದ ಜಾಗದ ಮೇಲೆ ಲೇಔಟ್, ಸೋಲಾರ್ ಪಾರ್ಕ್, ನೆಡುತೋಪು, ಗಣಿ ಎಲ್ಲಕ್ಕೂ ಮೊದಲು ಕಣ್ಣು ಬೀಳುತ್ತದೆ. 2005ರಿಂದ 2015ರವರೆಗಿನ ಹತ್ತು ವರ್ಷದಲ್ಲಿ ದೇಶದ ಸುಮಾರು 56 ಲಕ್ಷ ಹೆಕ್ಟೇರ್ ಹುಲ್ಲುಗಾವಲು ಹೋಯಿತೆಂದು ಭಾರತವೇ ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಒಪ್ಪಂದಕ್ಕೆ ಕೊಟ್ಟ ಲೆಕ್ಕ ಹೇಳುತ್ತದೆ. ಇದ್ದದ್ದರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು. ಇಷ್ಟು ಕಾಡು ಹೋಗಿದ್ದರೆ ಊರೇ ಎದ್ದು ಕೂಗುತ್ತಿತ್ತು.

ಅಂದ್ರ ಗಿಡ ಹಚ್ಚೂದು ತಪ್ಪೇನ್ರಿ?

ಎಲ್ಲಾ ಪ್ರಶ್ನೆಗಿಂತ ಹೆಚ್ಚು ಬರುವುದು ಇದೇ, ಕೇಳುವವರ ದನಿಯಲ್ಲಿ ಸ್ವಲ್ಪ ನೋವೂ ಇರುತ್ತದೆ. 1950ರಲ್ಲಿ ವನಮಹೋತ್ಸವ ಶುರುವಾದಾಗಿನಿಂದ ಗಿಡ ಹಚ್ಚುವುದು ಪುಣ್ಯದ ಕೆಲಸ ಎಂದೇ ನಾವೆಲ್ಲ ಬೆಳೆದಿದ್ದೇವೆ. ಗಿಡ ಹಚ್ಚುವುದು ತಪ್ಪಲ್ಲ, ಹುಲ್ಲುಗಾವಲಿನ ನೆತ್ತಿಯ ಮೇಲೆ ಹಚ್ಚುವುದು ತಪ್ಪು.

ನಮ್ಮ ಸೀಮೆಯಲ್ಲಿ ಇದಕ್ಕೆ ರಾಣೆಬೆನ್ನೂರಿಗಿಂತ ದೊಡ್ಡ ಪಾಠವಿಲ್ಲ. ಅಲ್ಲಿಯ ಕುರುಚಲು ಬಯಲಿನಲ್ಲಿ ಚಿಗರಿ, ತೋಳ, ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿ) ಮೂರೂ ಇದ್ದವು. ಐವತ್ತರ ದಶಕದಿಂದ ಅಲ್ಲಿ ನೀಲಗಿರಿ ನೆಡುತ್ತ ಬಂದರು. 1974ರಲ್ಲಿ ಅದೇ ಪ್ರದೇಶದ 119 ಚದರ ಕಿಲೋಮೀಟರ್ ಕೃಷ್ಣಮೃಗ ಅಭಯಾರಣ್ಯವಾಯಿತು. ಬೇಟೆ ನಿಂತದ್ದರಿಂದ ಚಿಗರಿಗಳ ಸಂಖ್ಯೆ ಚೇತರಿಸಿಕೊಂಡದ್ದು ನಿಜ, ಅದಕ್ಕಾಗಿ ದುಡಿದ ಅರಣ್ಯ ಸಿಬ್ಬಂದಿಗೆ ಶರಣು ಎನ್ನಬೇಕು. ಆದರೆ ನೀಲಗಿರಿ ಎತ್ತರವಾಗಿ ನೆರಳು ಕೂಡಿದಂತೆ ಕೆಳಗಿನ ಹುಲ್ಲು ಸೊರಗಿತು. ಚಿಗರಿ ಮೇವಿಗಾಗಿ ಪಕ್ಕದ ಹೊಲಗಳಿಗೆ ನಡೆಯಿತು. ಎರೆಭೂತಕ್ಕೆ ಓಡಾಡಲು, ಕುಣಿಯಲು, ನೆಲದ ಮೇಲೆ ತತ್ತಿ ಇಡಲು ಬಯಲೇ ಉಳಿಯಲಿಲ್ಲ. ಈಗ ಅಲ್ಲಿ ಎರೆಭೂತ ಇಲ್ಲ. ಕಾಪಾಡಲೆಂದು ಗಡಿ ಹಾಕಿದ ಜಾಗದ ಒಳಗೇ ಇದು ನಡೆದದ್ದು, ಮರ ಹೆಚ್ಚಿದ್ದೇ ಒಳ್ಳೆಯ ಕಾಡು ಎಂಬ ನಂಬಿಕೆಯಿಂದ.

2017ರಲ್ಲಿ ರಾಜ್ಯ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟಕ್ಕೇ ಸಮಾಧಾನಪಡುವಂತಿಲ್ಲ. ನೀಲಗಿರಿ ಬದಲು ಬೇವು, ಹೊಂಗೆ, ಆಲ ಹಚ್ಚಿದರೆ ಸರಿಯಲ್ಲವೇ ಎಂದು ಕೇಳುತ್ತಾರೆ. ಸ್ಥಳೀಯ ಮರವಾದರೂ ಒತ್ತೊತ್ತಾಗಿ ಹಚ್ಚಿದರೆ ನೆರಳು ನೆರಳೇ, ಬಿಸಿಲಿಗೆ ಹುಟ್ಟಿದ ಹುಲ್ಲು ಅದರ ಕೆಳಗೆ ಸಾಯುತ್ತದೆ.

ಹಂಗಾದ್ರ ಸಸಿ ಎಲ್ಲಿ ಹಚ್ಚಬೇಕ್ರಿ?

ಮನೆ ಮುಂದೆ, ಶಾಲೆ ಆವರಣ, ರಸ್ತೆ ಬದಿ, ಹೊಲದ ಬದು, ಕೆರೆ ಏರಿಯ ಕೆಳಗೆ, ಸಂತೆ ಮೈದಾನ. ಹುಬ್ಬಳ್ಳಿ-ಧಾರವಾಡದ ನಡುವಿನ ಹೊಸ ಬಡಾವಣೆಗಳಲ್ಲಿ ನೆರಳಿಗೆ ಒಂದು ಮರವಿಲ್ಲ. ಅಲ್ಲಿ ಎಷ್ಟು ಹಚ್ಚಿದರೂ ಕಡಿಮೆಯೇ.

ಮರ ಇದ್ರ ಮಳಿ ಬರತೈತಿ, ಇಂಗಾಲ ಹೀರತೈತಿ ಅಂತಾರಲ್ಲ?

ಹುಲ್ಲುಗಾವಲು ಇಂಗಾಲವನ್ನು ಬಚ್ಚಿಡುವುದು ಮಣ್ಣಿನೊಳಗೆ, ಬೇರಿನಲ್ಲಿ. ಅದಕ್ಕೇ ಅದು ಕಣ್ಣಿಗೆ ಬೀಳುವುದಿಲ್ಲ. ಆದರೆ ಬೆಂಕಿ ಬಿದ್ದರೂ ಬರ ಬಂದರೂ ಅದರ ಬಹುಪಾಲು ನೆಲದೊಳಗೇ ಉಳಿಯುತ್ತದೆ. ಒಣ ಸೀಮೆಯಲ್ಲಿ ನೆಟ್ಟ ಮರದ ಇಂಗಾಲ ಒಂದು ಕಾಡ್ಗಿಚ್ಚಿಗೆ ಹೊಗೆಯಾಗಬಹುದು. ಹಳೆ ಹುಲ್ಲುಗಾವಲನ್ನು ಅಗೆದು ಗಿಡ ನೆಟ್ಟರಂತೂ ಅಗೆಯುವಾಗಲೇ ಮಣ್ಣಿನ ಇಂಗಾಲದಲ್ಲಿ ಒಂದಿಷ್ಟು ಕಳೆದುಕೊಳ್ಳುತ್ತೇವೆ.

ನೀರಿನ ಲೆಕ್ಕವೂ ಹೀಗೇ. ನೀಲಗಿರಿಯಂಥ ಮರಕ್ಕೆ ವರ್ಷವಿಡೀ ಎಲೆ, ವರ್ಷವಿಡೀ ನೀರು ಬೇಕು. ಹುಲ್ಲು ಮಳೆಗಾಲದಲ್ಲಿ ಬೆಳೆದು, ಚಳಿಗಾಲಕ್ಕೆ ಒಣಗಿ, ಬೇಸಿಗೆಯಲ್ಲಿ ಏನೂ ಕೇಳದೆ ಇರುತ್ತದೆ. ಮಳೆ ಹನಿಯ ಪೆಟ್ಟನ್ನು ತಡೆದು, ಮಣ್ಣು ಕೊಚ್ಚಿಹೋಗದಂತೆ ಹಿಡಿದು, ನೀರನ್ನು ನಿಧಾನಕ್ಕೆ ಹಳ್ಳಕ್ಕೆ ಬಿಡುತ್ತದೆ. ಕಡಿಮೆ ಮಳೆಯ ಸೀಮೆಗೆ ಇದಕ್ಕಿಂತ ಮಿತವ್ಯಯದ ಹೊದಿಕೆ ಇಲ್ಲ.

ಬರೇ ಹುಲ್ಲಿನಾಗ ಅಂಥಾ ಏನ ಜೀವ ಅದಾವ್ರಿ?

ಮೊದಲು ನಮ್ಮ ಚಿಗರಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೂ ಅದರದೇ ಹೆಸರು ಇಟ್ಟಿದ್ದೇವೆ. ಗಂಡಿಗೆ ತಿರುಚಿದ ಕೋಡು, ವಯಸ್ಸು ಕೂಡಿದಂತೆ ಕಪ್ಪೇರುವ ಮೈ. ತೋಳ, ನರಿ, ಕತ್ತೆಕಿರುಬ, ಮೊಲ, ಮುಂಗುಸಿ ಇವೆ. ಇವು ದೊಡ್ಡವು, ಎಲ್ಲರಿಗೂ ಗೊತ್ತು.

ಸಣ್ಣವನ್ನು ನೋಡಲು ತಾಳ್ಮೆ ಬೇಕು. ಯುಗಾದಿ ಆಸುಪಾಸು, ಬಿಸಿಲು ಏರುವ ಹೊತ್ತು, ಮಡ್ಡಿಯ ಕಲ್ಲೊಂದರ ಮೇಲೆ ಅಂಗೈ ಉದ್ದದ ಓತಿಕ್ಯಾತ ಹತ್ತಿ ಕೂರುತ್ತದೆ. ಮೈ ಮಣ್ಣಿನದೇ ಬಣ್ಣ, ಇದೆ ಎಂದೇ ತಿಳಿಯುವುದಿಲ್ಲ. ಇನ್ನೊಂದು ಗಂಡು ಸಮೀಪಕ್ಕೆ ಬಂದರೆ ಸಾಕು, ಗಂಟಲ ಕೆಳಗಿನ ಚರ್ಮವನ್ನು ಫಟ್ಟನೆ ಬಿಚ್ಚುತ್ತದೆ: ನೀಲಿ, ಕಪ್ಪು, ಕಿತ್ತಳೆ. ಮುಚ್ಚುತ್ತದೆ, ಮತ್ತೆ ಬಿಚ್ಚುತ್ತದೆ, ತಲೆ ಮೇಲೆ ಕೆಳಗೆ ಆಡಿಸುತ್ತದೆ. ಈ ಪ್ರದರ್ಶನಕ್ಕೆ ತೆರೆದ ನೆಲ, ಎತ್ತರದ ಕಲ್ಲು, ಅಡ್ಡವಿಲ್ಲದ ನೋಟ ಮೂರೂ ಬೇಕು. ಆ ಕಲ್ಲಿನ ಪಕ್ಕ ಗುಂಡಿ ತೋಡಿ ಸಸಿ ಇಟ್ಟರೆ ಅದರ ಸಂಸಾರ ಮುಗಿಯಿತು.

ಟಿಟ್ಟಿಭ ಬರಿನೆಲದ ಬೆಣಚುಕಲ್ಲುಗಳ ನಡುವೆ ತತ್ತಿ ಇಡುತ್ತದೆ, ಕಾಲಡಿ ಬರುವ ತನಕ ಕಾಣುವುದಿಲ್ಲ. ನೆಲಗುಬ್ಬಿಗಳು ಹುಲ್ಲಿನ ಬುಡದಲ್ಲೇ ಗೂಡು ಮಾಡುತ್ತವೆ. ಗೌಜಲ, ಬುರಲಿ ಸಂದಿಯಲ್ಲಿ ಓಡಾಡುತ್ತವೆ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಬಯಲುಗಳಿಂದ ಸೆಳೆವ ಎಂಬ ಗಿಡುಗಗಳು ಬರುತ್ತವೆ. ಹಗಲೆಲ್ಲ ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತ ಮಿಡತೆ ಹಿಡಿದು, ರಾತ್ರಿ ಹುಲ್ಲಿನೊಳಗೆ ನೆಲದ ಮೇಲೆಯೇ ಮಲಗುತ್ತವೆ. ಅಕ್ಕಪಕ್ಕದ ಹೊಲದವರಿಗೆ ಇವು ಸಂಬಳವಿಲ್ಲದ ಕಾವಲುಗಾರರು.

ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ಇಲ್ಲಿ ಯಾರೂ ನೆನೆಯುವುದಿಲ್ಲ. ಹಿಮಾಲಯ ದಾಟಿ ಬರುವ ಈ ಹಕ್ಕಿಗಳು ಕೆರೆಯಲ್ಲಿ ವಿಶ್ರಮಿಸಿದರೂ ಹೊಟ್ಟೆ ತುಂಬಿಸಿಕೊಳ್ಳುವುದು ಸುತ್ತಲಿನ ಹೊಲ, ಹುಲ್ಲಿನಲ್ಲಿ. 2024ರಲ್ಲಿ ಮಾಗಡಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ ಎಂಬ ರಾಮ್ಸಾರ್ ಮಾನ್ಯತೆ ಬಂತು. ಕೆರೆಯ ನೀರನ್ನಷ್ಟೇ ಕಾಯ್ದರೆ ಆ ಮಾನ್ಯತೆಗೆ ಅರ್ಧ ನ್ಯಾಯ ಮಾತ್ರ.

ಎರೆಭೂತ ಮತ್ತ ಬರತೈತೇನ್ರಿ?

ಸದ್ಯಕ್ಕೆ ಇಲ್ಲ ಎಂದೇ ಹೇಳಬೇಕು. ದೇಶದಲ್ಲೇ ನೂರೈವತ್ತರ ಆಸುಪಾಸು ಉಳಿದಿವೆ, ಬಹುತೇಕ ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಅದರ ಹೆಸರು ಈಗ ಕೇಳುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ತತ್ತಿ ಇಡುತ್ತದೆ, ಅದೂ ನೆಲದ ಮೇಲೆ. ಭಾರವಾದ ಮೈ, ಎದುರಿನ ವಿದ್ಯುತ್ ತಂತಿ ಬೇಗ ಕಾಣದ ಕಣ್ಣು. ಹುಲ್ಲುಗಾವಲನ್ನು ಎರೆಭೂತಕ್ಕಾಗಿ ಮಾತ್ರ ಉಳಿಸಿ ಎಂದು ನಾವು ಕೇಳುವುದಿಲ್ಲ. ಚಿಗರಿಗೂ ತೋಳಕ್ಕೂ ಅದೇ ಗತಿ ಬಾರದಿರಲಿ ಎಂದು ಕೇಳುತ್ತೇವೆ.

ಕುರಿ, ದನಾ ಮೇಯ್ಸೂದ ಬಂದ್ ಮಾಡಸ್ತೀರೇನು?

ಇಲ್ಲ. ಈ ಪ್ರಶ್ನೆಯ ಹಿಂದೆ ಕುರಿಗಾಹಿಗಳ ಹಳೆಯ ಭಯವಿದೆ: ಸಂರಕ್ಷಣೆ ಎಂದರೆ ತಂತಿ ಬೇಲಿ, ದಂಡ, ‘ಇಲ್ಲಿ ಬರಬ್ಯಾಡ’ ಎಂಬ ಮಾತು. ನಾವು ಅವರ ಕಡೆಯವರು.

ಹುಲ್ಲನ್ನು ಯಾವುದೂ ಮೇಯದಿದ್ದರೆ ಒಣ ಹುಲ್ಲು ಮೇಲೆ ಮೇಲೆ ಕೂಡಿ ಬುಡದ ಚಿಗುರಿಗೆ ಬಿಸಿಲು ಸಿಗುವುದಿಲ್ಲ, ಬೆಂಕಿಗೂ ಸೌದೆಯಾಗುತ್ತದೆ. ಅತಿಯಾಗಿ ಮೇಯಿಸಿದರೆ ಬುಡದ ಹುಲ್ಲು ಹೋಗಿ ಕಾಂಗ್ರೆಸ್ ಕಸ ಬರುತ್ತದೆ. ಹಿತಮಿತ ಎಷ್ಟೆಂಬುದು ಹಿಂದಿನ ಕುರಿಗಾಹಿಗೆ ಗೊತ್ತಿತ್ತು, ಏಕೆಂದರೆ ಅವನು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಟ್ಟು, ಕಾಳು ಪಡೆದು, ಮುಂದಿನ ಊರಿಗೆ ನಡೆಯುತ್ತಿದ್ದ. ಮೆಡ್ಲೇರಿಯ ಕಂಬಳಿ, ದೇವರಗುಡ್ಡದ ಮಾಲತೇಶನ ಗದ್ದುಗೆಗೆ ಹಾಸುವ ಕಂಬಳಿ, ಎಲ್ಲವೂ ಹುಟ್ಟಿದ್ದು ಈ ಬಯಲಿನ ದಖನಿ ಕುರಿಯ ಮೈಮೇಲೆ. ದಾರಿಗಳು ಮುಚ್ಚಿ, ಗಾಯರಾಣ ಕಿರಿದಾಗಿ, ಇದ್ದಬದ್ದ ತುಂಡಿನ ಮೇಲೆ ಎಲ್ಲ ಹಿಂಡೂ ಬಿದ್ದದ್ದು ಈಚಿನ ಕಥೆ. ತಪ್ಪನ್ನು ಕುರಿಯ ತಲೆಗೆ ಕಟ್ಟುವುದು ಅನ್ಯಾಯ. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿದ್ದು ಎರಡನ್ನೂ ಒಟ್ಟಿಗೆ ನೋಡಬೇಕೆಂದೇ.

ಮಾಡಬೇಕಾದ್ದು ಇಷ್ಟು: ಗಾಯರಾಣವನ್ನು ಮೂರು ಪಾಲು ಮಾಡಿ, ಒಂದು ಪಾಲಿಗೆ ಮೃಗಶಿರ ಮಳೆಯಿಂದ ದೀಪಾವಳಿಯ ತನಕ ವಿಶ್ರಾಂತಿ ಕೊಡಿ, ಬೀಜ ಉದುರಲಿ. ಮುಂದಿನ ವರ್ಷ ಪಾಲು ಬದಲಿಸಿ. ದೀಪಾವಳಿ ನಂತರ ಆ ಹುಲ್ಲನ್ನು ಕೊಯ್ದು ಬಣವಿ ಒಟ್ಟಬಹುದು, ಬೇಸಿಗೆಗೆ ಕರಡ (ಒಣ ಹುಲ್ಲು) ಸಿಗುತ್ತದೆ. ಯಾವ ಪಾಲು, ಯಾರ ಹಿಂಡು, ಯಾವಾಗ ಎಂಬುದನ್ನು ಕುರಿಗಾಹಿಗಳೇ ಕೂತು ಠರಾಯಿಸಬೇಕು. ಹೊರಗಿನವರು ಗೆರೆ ಎಳೆದ ಕಡೆ ಅದು ಒಂದು ಹಂಗಾಮು ಕೂಡ ಬಾಳುವುದಿಲ್ಲ.

ತೋಳ ಕುರಿ ಹಿಡದ್ರ?

ಕುರಿಗಾಹಿಗೆ ಅದು ನಷ್ಟವೇ, ಪರಿಹಾರ ತಡವಾಗದೆ ಸಿಗಬೇಕು. ಸತ್ತ ಕುರಿಯನ್ನು ಅಲ್ಲೇ ಬಿಟ್ಟು ಫೋಟೊ ತೆಗೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಹಿರಿಯ ಕುರಿಗಾಹಿಗಳು ‘ತೋಳಕ್ಕೂ ಒಂದು ಪಾಲೈತಿ’ ಎಂದು ಹೇಳುವುದನ್ನು ಈಗಲೂ ಕೇಳಬಹುದು. ಆ ದೊಡ್ಡ ಮನಸ್ಸಿನ ಮೇಲೆಯೇ ಎಲ್ಲ ಭಾರ ಹೊರಿಸಿ ನಾವು ಆರಾಮಾಗಿರುವುದು ಸರಿಯಲ್ಲ.

ಊರ ಅಂಚಿಗೆ ಸುರಿಯುವ ಕಸ, ಕೋಳಿ ಅಂಗಡಿ ತ್ಯಾಜ್ಯದಿಂದ ಬೀದಿನಾಯಿ ಹಿಂಡುಗಳು ಹೆಚ್ಚುತ್ತಿವೆ. ಅವು ಕುರಿ ಹಿಡಿಯುತ್ತವೆ, ಚಿಗರಿ ಮರಿ ಹಿಡಿಯುತ್ತವೆ, ತೋಳ-ನರಿಗಳಿಗೆ ರೋಗ ದಾಟಿಸುತ್ತವೆ. ತೋಳದ ಮೇಲೆ ಬರುವ ದೂರಿನಲ್ಲಿ ನಾಯಿಯ ಪಾಲೂ ಇರುತ್ತದೆ. ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ: ತೋಳ ಧಾಮ ಆದದ್ದು ಕೊಪ್ಪಳ ಜಿಲ್ಲೆ ಗಂ​ಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ. ನವಿಲುಗಳಿಗೆ ಹೆಸರಾದ ಕೋಟೆಯಿರುವ ನಮ್ಮ ಶಿಗ್ಗಾವಿಯ ಬಂಕಾಪುರ ಬೇರೆ.

ಚಿಗರಿ ಹೆಸರು, ಶೇಂಗಾ ತಿಂದ ಹಾಕತಾವ. ಹೊಟ್ಟಿಗೆ ಏನ ತಿನ್ನೂಣು?

ಹೆಸರು ಮೊಳಕೆಯೊಡೆದ ವಾರದಲ್ಲಿ ಒಂದು ಹಿಂಡು ಇಳಿದರೆ ಆಗುವ ಸಂಕಟ ಸಣ್ಣದಲ್ಲ. ಬೆಳೆ ಪರಿಹಾರಕ್ಕೆ ಉತಾರ (ಪಹಣಿ), ಫೋಟೊ ಜತೆಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಕೊಡುವ ಮೊತ್ತ ಬಿತ್ತನೆಯ ಖರ್ಚಿಗೂ ಸಾಲುವುದಿಲ್ಲ ಎಂಬ ರೈತರ ಮಾತು ನ್ಯಾಯವಾದದ್ದು, ಅದನ್ನು ಹೆಚ್ಚಿಸಬೇಕೆಂದು ನಾವೂ ಕೇಳುತ್ತೇವೆ. ಉರುಲು ಹಾಕುವುದು, ತಂತಿಗೆ ಕರೆಂಟ್ ಹರಿಸುವುದು ಮಾತ್ರ ಬೇಡ. ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಜೈಲು ಖಚಿತ. ಮೇಲಾಗಿ ಆ ಕರೆಂಟಿಗೆ ಮನುಷ್ಯರೂ ಸತ್ತಿದ್ದಾರೆ. ಗಾಯರಾಣದಲ್ಲಿ ಮೇವು ಕಡಿಮೆಯಾದಷ್ಟೂ ಚಿಗರಿ ಹೊಲಕ್ಕೆ ಬರುವುದು ಹೆಚ್ಚುತ್ತದೆ. ಹುಲ್ಲು ಉಳಿಸುವುದು ರೈತನಿಗೂ ಬೇಕಾದ ಕೆಲಸ.

ಬ್ಯಾಸಿಗ್ಯಾಗ ಗುಡ್ಡಕ್ಕ ಬೆಂಕಿ ಹಚ್ಚತಾರ. ಹುಲ್ಲು ಚಲೋ ಬರತೈತಿ ಅಂತಾರ.

ಅರ್ಧ ಖರೆ. ಬುಡದ ಹುಲ್ಲಿನ ಚಿಗುರುಕಣ್ಣು ನೆಲಮಟ್ಟದಲ್ಲಿ, ಕೆಲವದರದು ನೆಲದ ಒಳಗೆ ಇರುತ್ತದೆ. ಆದ್ದರಿಂದ ಬೆಂಕಿ ಹಾದುಹೋದರೂ ಮತ್ತೆ ಚಿಗುರುತ್ತದೆ. ಎಂದೋ ಒಮ್ಮೆ, ಅಲ್ಲಲ್ಲಿ ತುಂಡು ತುಂಡಾಗಿ ಸುಟ್ಟರೆ ಹುಲ್ಲುಗಾವಲು ತಡೆದುಕೊಳ್ಳುತ್ತದೆ. ಇಡೀ ಗುಡ್ಡವನ್ನು ವರ್ಷವೂ ಸುಟ್ಟರೆ ತಡೆಯುವುದಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ನೆಲಗುಬ್ಬಿ, ಟಿಟ್ಟಿಭಗಳ ತತ್ತಿ-ಮರಿ ನೆಲದ ಮೇಲಿರುತ್ತವೆ, ಅವು ಬೇಯುತ್ತವೆ. ಕಪ್ಪತಗುಡ್ಡದ ಬಾದೆ ಹುಲ್ಲಿಗೆ ಒಮ್ಮೆ ಹತ್ತಿದ ಬೆಂಕಿಯನ್ನು ಗಾಳಿ ಎಲ್ಲಿಗೆ ಒಯ್ಯುತ್ತದೋ ಹೇಳಲಾಗದು. ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧ. ಜನವರಿಯಲ್ಲೇ ಗಾಯರಾಣದ ಅಂಚಿಗೆ ಹುಲ್ಲು ಕೊಯ್ದು ಬೆಂಕಿ ದಾಟದ ಪಟ್ಟಿ ಮಾಡಿಟ್ಟುಕೊಳ್ಳಿ, ಕೊಯ್ದ ಹುಲ್ಲು ದನಕ್ಕಾಯಿತು.

ಉದ್ಯೋಗ ಖಾತ್ರಿಯಾಗ ಗುಡ್ಡದ ಮ್ಯಾಲ ಟ್ರೆಂಚ್ ತಗದೇವಿ. ಚಲೋ ಆತಲ್ರಿ?

ಕೂಲಿ ಸಿಕ್ಕಿತು, ಅದು ಒಳ್ಳೆಯದು. ಹಳೆ ಹುಲ್ಲುಗಾವಲಿಗೆ ಮಾತ್ರ ಕೆಟ್ಟದ್ದಾಯಿತು. ಬುಡದ ಹುಲ್ಲನ್ನು ಬೇರುಸಹಿತ ಕಿತ್ತು ಮಣ್ಣು ಮೇಲೆ ಹಾಕಿದಲ್ಲಿ ಮೊದಲು ಬರುವುದು ಕಳೆ. ಆ ಹುಲ್ಲೇ ನೀರು ತಡೆಯುತ್ತಿತ್ತು. ಟ್ರೆಂಚ್, ಬದು ಬೇಕಿರುವುದು ಮಣ್ಣು ಕೊಚ್ಚಿ ಬರಿದಾದ ಇಳಿಜಾರಿಗೆ, ಕೊರಕಲಿಗೆ, ಹೊಲಕ್ಕೆ. ಅದೇ ಕೂಲಿಯನ್ನು ಬಳ್ಳಾರಿ ಜಾಲಿ ಕೀಳಲು, ಬೀಜ ಕೂಡಿಸಲು ಹಾಕುವಂತೆ ಪಂಚಾಯ್ತಿಯಲ್ಲಿ ಕೇಳಿ.

ಬಳ್ಳಾರಿ ಜಾಲಿ ಎಷ್ಟ ಕಡದ್ರೂ ಮತ್ತ ಬರತೈತಿ.

ಕಡಿದದ್ದಕ್ಕೇ ಬರುತ್ತದೆ. ಒಂದು ಕಾಂಡ ಇದ್ದದ್ದು ಹತ್ತಾಗುತ್ತದೆ. ಬುಡದ ಸುತ್ತ ಅಗೆದು, ಸುಮಾರು ಒಂದು ಅಡಿ ಆಳದಲ್ಲಿ ಬೇರು ಕಡಿಯಬೇಕು, ಮತ್ತೆ ಚಿಗುರುವ ಕಣ್ಣುಗಳೆಲ್ಲ ಅದಕ್ಕಿಂತ ಮೇಲಿರುತ್ತವೆ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಸಣ್ಣ ಸಸಿ ಕೈಯಿಂದಲೇ ಬರುತ್ತವೆ. ಕಾಯಿ ಹಣ್ಣಾಗುವ ಮುನ್ನ ಕೆಲಸ ಮುಗಿಸಿ. ಕುರಿಗಳು ಸಿಹಿಕಾಯಿ ತಿಂದು ಹಿಕ್ಕೆಯಲ್ಲಿ ಬೀಜವನ್ನು ಊರ ತುಂಬ ಬಿತ್ತುತ್ತವೆ. ಜೆಸಿಬಿ ತರಬೇಡಿ, ಜಾಲಿ ಜತೆಗೆ ಹುಲ್ಲನ್ನೂ ಬುಡಮೇಲು ಮಾಡುತ್ತದೆ. ಜೌಗು ನೆಲ, ಕೆರೆ ದಂಡೆಯಲ್ಲಿ ಹಕ್ಕಿ ಗೂಡುಗಳಿದ್ದರೆ ಆ ಗಿಡ ಆ ವರ್ಷಕ್ಕೆ ಇರಲಿ.

ಪಂಚಾಯ್ತಿ ಠರಾವು, ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಗಾಯರಾಣದ ಯಾವ ಮರಕ್ಕೂ ಕೊಡಲಿ ಹಾಕಬೇಡಿ. ನೀಲಗಿರಿ ತೋಪುಗಳ ವಿಷಯ ಪೂರ್ತಿ ಇಲಾಖೆಯದು. ನಾವು ಕೇಳಬಹುದಾದದ್ದು ಇಷ್ಟೇ: ಕಟಾವಾದ ತೋಪಿನಲ್ಲಿ ಬುಡ ಮತ್ತೆ ಚಿಗುರಲು ಬಿಡಬೇಡಿ, ಬೇರೆ ಸಸಿಯನ್ನೂ ತುಂಬಬೇಡಿ, ಹುಲ್ಲಿಗೆ ಬಿಡಿ.

ಹುಲ್ಲು ಬಿತ್ತೂದು ಹೆಂಗ್ರಿ? ಬೀಜ ಎಲ್ಲಿ ಸಿಗತಾವ?

ನಿಮ್ಮ ಊರ ಸುತ್ತಲೇ, ಅಂಗಡಿಯಲ್ಲಲ್ಲ. ಸೀಗಿ ಹುಣ್ಣಿಮೆಯಿಂದ ದೀಪಾವಳಿ ದಾಟುವ ತನಕ ಹುಲ್ಲಿನ ಬೀಜ ಹಣ್ಣಾಗುತ್ತದೆ. ಹತ್ತಿರದ ಒಳ್ಳೆಯ ಮಡ್ಡಿಗೆ ಹೋಗಿ, ಮಸಾರಿಗೆ ಬಿತ್ತುವುದಾದರೆ ಮಸಾರಿಯಿಂದಲೇ, ಎರಿಗೆ ಎರಿಯಿಂದಲೇ ಕೂಡಿಸಿ. ಮೂರರಲ್ಲಿ ಎರಡು ಪಾಲು ಬೀಜ ಅಲ್ಲೇ ಉದುರಲು ಬಿಡಿ.

ಪಂಚೆ, ಸೀರೆಗೆ ಚುಚ್ಚಿಕೊಂಡು ಎಲ್ಲರಿಂದ ಬೈಸಿಕೊಳ್ಳುವ ಸೂಜಿಹುಲ್ಲಿನ ಬೀಜವನ್ನೊಮ್ಮೆ ಅಂಗೈ ಮೇಲಿಟ್ಟು ನೋಡಿ. ತುದಿ ಸೂಜಿಮೊನೆ, ಅದರ ಮೇಲೆ ಹಿಮ್ಮುಖ ಕೂದಲು, ಹಿಂದೆ ಹುರಿಗೊಂಡ ಕಂದುಬಣ್ಣದ ಉದ್ದ ಬಾಲ. ಒಂದು ಹನಿ ನೀರು ಹಾಕಿ. ಬಾಲದ ಹುರಿ ಬಿಚ್ಚಿಕೊಳ್ಳುತ್ತ ಬೀಜ ಅಂಗೈ ಮೇಲೆಯೇ ತಿರುಗುತ್ತದೆ. ಒಣಗಿದರೆ ಮತ್ತೆ ಹುರಿಗೊಳ್ಳುತ್ತದೆ. ನೆಲದ ಮೇಲೆ ರಾತ್ರಿ ಇಬ್ಬನಿ, ಹಗಲು ಬಿಸಿಲು ಸಿಕ್ಕಿ ಹೀಗೇ ತಿರುಗಿ ತಿರುಗಿ ಮಣ್ಣಿನೊಳಗೆ ತಾನೇ ಕೊರೆದುಕೊಂಡು ಹೋಗುತ್ತದೆ, ಹಿಮ್ಮುಖ ಕೂದಲು ಹೊರಬರದಂತೆ ಹಿಡಿಯುತ್ತದೆ. ತನ್ನ ಬಿತ್ತನೆ ತಾನೇ ಮಾಡಿಕೊಳ್ಳುವ ಇಂಥ ಬೀಜಕ್ಕೆ ನಾವು ಮಾಡಬೇಕಾದದ್ದು ಬಹಳಿಲ್ಲ.

ದಂಟುಸಹಿತ ಕೊಯ್ದು ನೆರಳಲ್ಲಿ ಒಣಗಿಸಿ, ಗೋಣಿಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೂಸರು ಹಿಡಿಯುತ್ತದೆ. ಎಷ್ಟೋ ಹುಲ್ಲುಗಳ ಹೊಸ ಬೀಜ ಕೂಡಲೇ ಹುಟ್ಟುವುದಿಲ್ಲ, ಬೇಸಿಗೆ ಕಳೆಯಬೇಕು. ರೋಹಿಣಿ ಮಳೆಗೆ ಮುಂಚೆ ನೆಲವನ್ನು ಮೇಲೆ ಮೇಲೆ ಕೆದರಿ, ನೇಗಿಲು ಹೂಡಬೇಡಿ. ಬೀಜಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ ಪುಡಿಮಣ್ಣು ಬೆರೆಸಿ ಚೆಲ್ಲಿ, ಮೇಲೆ ತೆಳ್ಳಗೆ ಕರಡ ಹಾಸಿ, ಬಾರಿ ಮುಳ್ಳು ಹೊದಿಸಿ. ಗೊಬ್ಬರ ಬೇಡ, ಹಾಕಿದರೆ ಕಳೆಗೇ ಹಬ್ಬ. ಮೊದಲ ಮಳೆಗಾಲದಲ್ಲಿ ಮುಖ್ಯ ಕೆಲಸ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲು ಕೀಳುವುದು.

ಗಿನಿ ಹುಲ್ಲು, ನೇಪಿಯರ್ ತಂದು ಗಾಯರಾಣಕ್ಕೆ ಹಾಕಬೇಡಿ. ಅವು ನಿಮ್ಮ ಹೊಲದ ಮೇವಿಗೆ ಒಳ್ಳೆಯವು, ಮೇವಿನ ತಳಿಗಳ ಬಗ್ಗೆ ಸಲಹೆಗೆ ಧಾರವಾಡದಲ್ಲೇ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ಹೊಲದ ಮೂಲೆಯಲ್ಲಿ ಮೇವು ಬೆಳೆದರೆ ಗಾಯರಾಣದ ಮೇಲಿನ ಒತ್ತಡ ಇಳಿಯುತ್ತದೆ.

ಗಾಯರಾಣ ಒತ್ತುವರಿ ಆಗೇತಿ. ಕಾಯದೆ ಏನ ಹೇಳತೈತಿ?

ಕರ್ನಾಟಕ ಭೂಕಂದಾಯ ಕಾಯ್ದೆ 1964ರ 71ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಗೋಮಾಳ ಕಾಯ್ದಿರಿಸಬಹುದು. 1966ರ ನಿಯಮಾವಳಿಯ 97ನೇ ನಿಯಮ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಎಂಬ ಅಳತೆ ಇಡುತ್ತದೆ. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಊರ ಸಾಮೂಹಿಕ ಭೂಮಿಯ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳೂ ವ್ಯವಸ್ಥೆ ಮಾಡಬೇಕೆಂದು ಹೇಳಿತು.

ಮೊದಲು ಗಾಯರಾಣದ ಉತಾರ, ನಕಾಶೆ ತೆಗೆಸಿ. ದಿಶಾಂಕ್ ಆ್ಯಪ್ ಹಿಡಿದು ಜಾಗದ ಮೇಲೆ ನಿಂತರೆ ಸರ್ವೆ ನಂಬರ್ ತಿಳಿಯುತ್ತದೆ. ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದ ಮೇಲೆ ಇದ್ದೇ ಇರುತ್ತದೆ, ಅದನ್ನು ಸಭೆ ಸೇರಿಸಿ, ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಹುಲ್ಲು, ಹಕ್ಕಿ, ಕುರಿ ದಾರಿ ಬರೆಸಿ. ಆಮೇಲೆ ಗ್ರಾಮಸಭೆಯ ಠರಾವು. ಭೂಮಿ ಇಲ್ಲದ ಬಡವರೊಬ್ಬರು ಎರಡು ಎಕರೆ ಉಳುಮೆ ಮಾಡಿಕೊಂಡಿದ್ದರೆ ಅವರಿಂದ ಶುರು ಮಾಡಬೇಡಿ, ದೊಡ್ಡ ಒತ್ತುವರಿಯಿಂದ ಶುರು ಮಾಡಿ.

ಜನ ಕೂಡಿದರೆ ಆಗುತ್ತದೆ ಎಂಬುದಕ್ಕೆ ಕಪ್ಪತಗುಡ್ಡವೇ ಇದೆ. 2015ರಲ್ಲಿ ಸಂರಕ್ಷಿತ ಪ್ರದೇಶವಾಗಿ, 2016ರಲ್ಲಿ ಆ ಆದೇಶವೇ ಹಿಂದಕ್ಕೆ ಹೋಗಿ, ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು.

ನಮ್ಮ ಸಾಲಿ ಹುಡುಗರು ಏನ ಮಾಡಬಹುದು?

ಒಂದು ಮೀಟರ್ ಚೌಕಕ್ಕೆ ಸುತಳಿ ಕಟ್ಟಿ, ಅದರೊಳಗೆ ಎಷ್ಟು ಬಗೆ ಹುಲ್ಲು, ಎಷ್ಟು ಬಗೆ ಹುಳ ಇವೆ ಎಂದು ಎಣಿಸಲಿ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆದು, ಅಜ್ಜ-ಅಮ್ಮನನ್ನು ಕೇಳಿ ಊರ ಹೆಸರು ಬರೆಯಲಿ. ಹಕ್ಕಿಗಳನ್ನು ಇ-ಬರ್ಡ್ ಎಂಬ ಜಾಲತಾಣದಲ್ಲಿ ದಾಖಲಿಸಬಹುದು. ಗೂಡಿನ ಫೋಟೊ, ಗೂಡಿನ ಜಾಗ ಮಾತ್ರ ಎಲ್ಲೂ ಹಾಕಬೇಡಿ.

ಎಷ್ಟ ವರ್ಷಕ್ಕ ಮೊದಲಿನಂಗ ಆಗತೈತ್ರಿ?

ಬರೀ ಅತಿಯಾಗಿ ಮೇಯಿಸಿ ಸೊರಗಿದ, ನೇಗಿಲು ಕಾಣದ ಜಾಗವಾದರೆ ಎರಡು ಮೂರು ಮಳೆಗಾಲದಲ್ಲೇ ಮುಖ ಬದಲಾಗುತ್ತದೆ, ಬೇರು ಒಳಗೇ ಕಾಯುತ್ತಿರುತ್ತದೆ. ಉತ್ತ ನೆಲಕ್ಕೆ, ನೀಲಗಿರಿ ನಿಂತಿದ್ದ ನೆಲಕ್ಕೆ ದಶಕಗಳೇ ಬೇಕು. ಹುಲ್ಲು ಮೊದಲು ಬರುತ್ತದೆ, ಸಂದಿಯ ಹೂಗಿಡ, ಗಡ್ಡೆಗಳು ಬಹಳ ತಡ, ಕೆಲವು ನಾವೇ ತಂದು ಇಡದಿದ್ದರೆ ಬರುವುದೇ ಇಲ್ಲ. ಅದಕ್ಕೇ ಕೆಡದ ತುಂಡನ್ನು ಮೊದಲು ಕಾಯಿರಿ, ಕೆಟ್ಟದ್ದರ ರಿಪೇರಿ ಆಮೇಲೆ.

ಜಾಗದ ಒಂದು ಕಲ್ಲಿಗೆ ಸುಣ್ಣದ ಗುರುತು ಹಾಕಿ, ಪ್ರತಿ ವರ್ಷ ಸೀಗಿ ಹುಣ್ಣಿಮೆಯ ವಾರದಲ್ಲಿ ಅದೇ ಕಲ್ಲಿನ ಮೇಲೆ ನಿಂತು ಅದೇ ದಿಕ್ಕಿಗೆ ಫೋಟೊ ತೆಗೆಯಿರಿ, ಹಿಂದೆ ತಾರೀಕು ಬರೆಯಿರಿ. ಪಂಚಾಯ್ತಿಗೆ, ತಹಶೀಲ್ದಾರರಿಗೆ, ಮುಂದಿನ ಬಾರಿ ಸಸಿ ಹೊತ್ತು ಬರುವವರಿಗೆ ತೋರಿಸಲು ಆ ಫೋಟೊಗಳೇ ಬೇಕಾಗುತ್ತವೆ.